ರೂಟ್‌ಗೆ ವಾರ್ನಿಂಗ್ ಇಟ್ಟರೂ ಡೀಬಗ್ ಸಾಲು ಬರುವುದೇಕೆ?

ಪೈಥಾನ್‌ನಲ್ಲಿ ಲಾಗರ್‌ನ (ಪ್ರೋಗ್ರಾಂ ಏನು ಮಾಡುತ್ತಿದೆ ಎಂದು ಸಾಲುಸಾಲಾಗಿ ದಾಖಲಿಸುವ ವಸ್ತು) ಹೆಸರಿನಲ್ಲೇ ಅದರ ವಂಶಾವಳಿ ಇರುತ್ತದೆ. ‘ಅಂಗಡಿ.ಪಾವತಿ.ಯುಪಿಐ’ಗೆ ‘ಅಂಗಡಿ.ಪಾವತಿ’ ಅಪ್ಪ, ‘ಅಂಗಡಿ’ ತಾತ, ಎಲ್ಲಕ್ಕೂ ಮೇಲೆ ರೂಟ್. ನಾನು ಪ್ರತಿ ಫೈಲಿನಲ್ಲೂ ಗೆಟ್‌ಲಾಗರ್‌ಗೆ ಮಾಡ್ಯೂಲಿನ ಹೆಸರನ್ನೇ ಕೊಡುತ್ತೇನೆ. ಪ್ಯಾಕೇಜು ಹೇಗೆ ಕವಲೊಡೆದಿದೆಯೋ ಲಾಗರ್‌ಗಳೂ ಹಾಗೇ ಕವಲೊಡೆಯುತ್ತವೆ.

ಸಾಲು ಎಷ್ಟು ಗಂಭೀರ ಎಂದು ಹೇಳುವ ಮಟ್ಟಗಳೆಂದರೆ ಬರೀ ಸಂಖ್ಯೆಗಳು: ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಹೊಸ ಲಾಗರ್‌ನ ಮಟ್ಟ 0, ಅಂದರೆ ನಾಟ್‌ಸೆಟ್. ಅದು ಒಂದೊಂದೇ ತಲೆಮಾರು ಮೇಲೆ ಹತ್ತಿ, ಮೊದಲು ಸಿಕ್ಕ ಸೊನ್ನೆಯಲ್ಲದ ಮಟ್ಟವನ್ನು ಪಾಲಿಸುತ್ತದೆ. ಎಲ್ಲೂ ಸಿಗದಿದ್ದರೆ ರೂಟ್‌ನ 30. ಅದಕ್ಕಿಂತ ಕೆಳಗಿನ ಸಾಲನ್ನು ಲಾಗರ್ ಕೈಬಿಡುತ್ತದೆ. ಹೊಸಬರು ಬರೆದ ಇನ್ಫೋ ಸಾಲು ಕಾಣದಿರುವುದು ಇದರಿಂದಲೇ.

ಅನುಭವಸ್ಥರೂ ಎಡವುವ ಜಾಗ ಬೇರೆ. ರೂಟ್ 30ರಲ್ಲಿದೆ, ‘ಅಂಗಡಿ.ಪಾವತಿ’ಗೆ ಮಾತ್ರ 10 ಇಟ್ಟಿದ್ದೇವೆ ಅನ್ನಿ. ಆ ಡೀಬಗ್ ಸಾಲುಗಳು ರೂಟ್‌ನ ಹ್ಯಾಂಡ್ಲರ್ (ಸಾಲನ್ನು ಕನ್ಸೋಲಿಗೋ ಫೈಲಿಗೋ ತಲುಪಿಸುವ ಭಾಗ) ಮೂಲಕ ಕನ್ಸೋಲಿಗೂ ಬಂದು ಬೀಳುತ್ತವೆ. ಏಕೆಂದರೆ ಲಾಗರ್‌ನ ಮಟ್ಟ ನೋಡುವುದು ಸಾಲು ಹುಟ್ಟಿದ ಕಡೆ, ಅದೂ ಒಂದೇ ಸಲ. ಅಲ್ಲಿ ದಾಟಿದ ಸಾಲು ಪೂರ್ವಜರ ಹ್ಯಾಂಡ್ಲರ್‌ಗಳಿಗೆ ನೇರ ಹೋಗುತ್ತದೆ. ಪೂರ್ವಜರ ಮಟ್ಟ ಎಷ್ಟೆಂದು ಮತ್ತೆ ಯಾರೂ ನೋಡುವುದಿಲ್ಲ. ತಡೆಯಬೇಕಿದ್ದರೆ ಹ್ಯಾಂಡ್ಲರ್‌ಗೇ ಮಟ್ಟ ಇಡಬೇಕು.

ಹಾಗಾಗಿ ನನ್ನ ಹ್ಯಾಂಡ್ಲರ್‌ಗಳೆಲ್ಲ ರೂಟ್‌ನಲ್ಲೇ ಇರುತ್ತವೆ: ಕನ್ಸೋಲಿಗೆ 30, ರೊಟೇಟಿಂಗ್ ಫೈಲಿಗೆ (ಮಿತಿ ಮುಟ್ಟಿದಾಗ ಹಳೆಯದನ್ನು ಪ್ರತಿಯಾಗಿ ಪಕ್ಕಕ್ಕಿಟ್ಟು ಹೊಸದಾಗಿ ಶುರುವಾಗುವ ಫೈಲು) 10. ಫೈಲಿನ ಮಿತಿ 10 ಎಂಬಿ, ಹಳೆಯ ಪ್ರತಿ 5. ಡಿಸ್ಕಿನಲ್ಲಿ ಸುಮಾರು 60 ಎಂಬಿ ಸಾಕು. ಹಳೆಯ ಪ್ರತಿಗಳ ಸಂಖ್ಯೆಯನ್ನು ಸೊನ್ನೆಯಾಗಿಯೇ ಉಳಿಸಿದರೆ ಫೈಲು ತಿರುಗುವುದೇ ಇಲ್ಲ, ಡಿಸ್ಕ್ ತುಂಬುವವರೆಗೂ ಬೆಳೆಯುತ್ತದೆ. ಕೆಳಗಿನ ಲಾಗರ್‌ಗೂ ಒಂದು ಹ್ಯಾಂಡ್ಲರ್ ಅಂಟಿಸಿದರೆ ಒಂದೇ ಸಾಲು ಎರಡೆರಡು ಸಲ ಬರುತ್ತದೆ. ಆ ಹ್ಯಾಂಡ್ಲರ್ ಬೇಕೇ ಬೇಕೆಂದಿದ್ದರೆ ಆ ಲಾಗರ್‌ನ ಪ್ರೊಪಗೇಟ್ (ಸಾಲನ್ನು ಪೂರ್ವಜರಿಗೂ ಕಳಿಸುವ ಆಯ್ಕೆ) ಅನ್ನು ಫಾಲ್ಸ್ ಮಾಡಿ.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ: ಲಾಗಿಂಗ್‌ನ ಎಲ್ಲ ಹೊಂದಿಕೆಗಳನ್ನೂ ಒಂದೇ ಡಿಕ್ಷನರಿಯಲ್ಲಿ ಕೊಡುವ ಡಿಕ್ಟ್‌ಕಾನ್ಫಿಗ್‌ನಲ್ಲಿ ‘ಡಿಸೇಬಲ್ ಎಕ್ಸಿಸ್ಟಿಂಗ್ ಲಾಗರ್ಸ್’ ತಾನಾಗಿಯೇ ಟ್ರೂ ಇರುತ್ತದೆ. ಇಂಪೋರ್ಟ್ ಆಗುವಾಗಲೇ ಹುಟ್ಟಿದ ಲಾಗರ್‌ಗಳು, ಅವುಗಳದ್ದಾಗಲಿ ಪೂರ್ವಜರದ್ದಾಗಲಿ ಹೆಸರು ಕಾನ್ಫಿಗ್‌ನಲ್ಲಿ ಇಲ್ಲದಿದ್ದರೆ, ಬಾಯಿ ಮುಚ್ಚಿಕೊಳ್ಳುತ್ತವೆ. ಕ್ರಿಟಿಕಲ್ ಕೂಡ ಬರುವುದಿಲ್ಲ, ದೋಷಸಂದೇಶವೂ ಇಲ್ಲ. ಮೊದಲ ಸಾಲಿನಲ್ಲೇ ಫಾಲ್ಸ್ ಎಂದು ಬರೆದುಬಿಡಿ.

ಹೊರಗಿನ ಲೈಬ್ರರಿಗಳ ಗದ್ದಲಕ್ಕೆ ಇದೇ ವಂಶಾವಳಿ ನೆರವಾಗುತ್ತದೆ. ‘ಯುಆರ್‌ಎಲ್‌ಲಿಬ್3’ ಹೆಸರಿನ ಲಾಗರ್‌ಗೆ 30 ಇಟ್ಟರೆ ಸಾಕು, ಅದರ ಕೆಳಗಿನ ಕನೆಕ್ಷನ್‌ಪೂಲ್ ಕೂಡ ಸುಮ್ಮನಾಗುತ್ತದೆ.