ನೆದರ್ಲೆಂಡ್ಸ್‌ನಲ್ಲಿ ಮದುವೆ: ಕಡಿಮೆ ಖರ್ಚಿನಲ್ಲಿ ಹೂವು ಮತ್ತು ಮೇಜಿನ ಸಿಂಗಾರ

ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪಗಳಿಂದ ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿದವರು ಮದುವೆಯನ್ನು ಅಲ್ಲಿಯೇ ಮಾಡಲು ನಿಶ್ಚಯಿಸಿದಾಗ, ಹೂವಿನ ದೇಶದಲ್ಲಿ ಹೂವಿಗೇನು ಕೊರತೆ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಅಲಂಕಾರದವರ ಅಂದಾಜುಪಟ್ಟಿ ಕೈಗೆ ಬಂದಾಗ ಆ ಧೈರ್ಯ ಕುಗ್ಗುತ್ತದೆ. ಕುಗ್ಗಬೇಕಾಗಿಲ್ಲ. ಅಲ್ಲಿನ ವ್ಯವಸ್ಥೆಯಲ್ಲಿ ಯಾವುದಕ್ಕೆ ಹೆಚ್ಚು ಹಣ ತೆರಬೇಕಾಗುತ್ತದೆ ಎಂಬುದನ್ನು ತಿಳಿದುಕೊಂಡರೆ, ಊರಿನ ಹಂದರಕ್ಕೆ ಕಡಿಮೆಯಿಲ್ಲದಂತೆ ಮಂಟಪವನ್ನೂ ಊಟದ ಮೇಜುಗಳನ್ನೂ ಸಿಂಗರಿಸಬಹುದು.

ಅಲ್ಲಿನ ಹೂವಿನ ವ್ಯಾಪಾರದ ಕೇಂದ್ರ ಆಲ್ಸ್‌ಮೇರ್‌ನಲ್ಲಿರುವ ರಾಯಲ್ ಫ್ಲೋರಾಹಾಲೆಂಡ್ ಹರಾಜು. ನಮ್ಮ ಸವಾಲಿನಲ್ಲಿ ಬೆಲೆ ಏರುತ್ತಾ ಹೋದರೆ, ಅಲ್ಲಿ ಗಡಿಯಾರವೆಂದು ಕರೆಯುವ ಫಲಕದ ಮೇಲೆ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ. ಮೊದಲು ಗುಂಡಿ ಒತ್ತಿದವರಿಗೆ ಸರಕು. ಆದರೆ ಅಲ್ಲಿ ಕೊಳ್ಳಲು ನೋಂದಾಯಿತ ಖರೀದಿದಾರರಾಗಿರಬೇಕು, ಸಗಟು ಮಳಿಗೆಗಳೂ ಸಾಮಾನ್ಯವಾಗಿ ವಾಣಿಜ್ಯ ಮಂಡಳಿಯ ನೋಂದಣಿ ಸಂಖ್ಯೆಯನ್ನು ಕೇಳುತ್ತವೆ. ಹೀಗಾಗಿ ಮನೆಮಂದಿಗೆ ಉಳಿಯುವುದು ವಾರದ ಸಂತೆ, ಸೂಪರ್‌ಮಾರ್ಕೆಟ್ ಮತ್ತು ಬಡಾವಣೆಯ ಹೂವಿನಂಗಡಿ. ಇವುಗಳಲ್ಲಿ ಹೂವಿನಂಗಡಿಯೇ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹೂಗುಚ್ಛ ಕಟ್ಟಿಕೊಡಿ ಎಂದು ಕೇಳಬಾರದು. ಆ ದೇಶದಲ್ಲಿ ಕೈಕೆಲಸದ ಕೂಲಿ ದೊಡ್ಡದು, ಬಿಲ್ಲಿನ ಬಹುಪಾಲು ಅದರಿಂದಲೇ ಬೆಳೆಯುತ್ತದೆ. ಎರಡು ವಾರ ಮೊದಲೇ ಹೋಗಿ, ನಿಮ್ಮ ಒಟ್ಟು ಬಜೆಟ್ ಎಷ್ಟೆಂದು ಮುಚ್ಚುಮರೆಯಿಲ್ಲದೆ ಹೇಳಿ, ಹೂಗುಚ್ಛವಾಗಿ ಜೋಡಿಸದ ಹೂವಿನ ಕಟ್ಟುಗಳನ್ನು ಮಾತ್ರ ತರಿಸಿಕೊಡಲು ವಿನಂತಿಸಿಕೊಳ್ಳಿ.

ಇನ್ನು ಮುಖ್ಯವಾದ ಮಾತು. ಅಲ್ಲಿ ಹೂವನ್ನು ಹೂದಾನಿಗಾಗಿ ಬೆಳೆಯುತ್ತಾರೆ, ಆದ್ದರಿಂದ ಬೆಲೆ ಕಾಂಡದ ಉದ್ದವನ್ನು ಹಿಡಿದು ನಿಲ್ಲುತ್ತದೆ. ಗುಲಾಬಿಯನ್ನು 40, 50, 60, 70 ಸೆಂಟಿಮೀಟರ್ ಎಂದು ವಿಂಗಡಿಸಿ, ಉದ್ದ ಹೆಚ್ಚಿದಂತೆ ಬೆಲೆ ಹೆಚ್ಚಿಸುತ್ತಾರೆ. ಮಾರಿಗೆ, ಮೊಳಕ್ಕೆ ಅಥವಾ ತೂಕಕ್ಕೆ ಹೂವು ಕೊಂಡು ರೂಢಿಯಾದ ನಮಗೆ ಕಾಂಡದ ಅಗತ್ಯವೇ ಇಲ್ಲ. ಮಾಲೆಗೆ, ದಂಡೆಗೆ, ನೀರಿನ ತಟ್ಟೆಗೆ, ರಂಗೋಲಿಗೆ ಬೇಕಾದದ್ದು ಹೂವಿನ ತಲೆ ಮಾತ್ರ. ಅತಿ ಗಿಡ್ಡ ಕಾಂಡದ ದರ್ಜೆಯನ್ನೇ ಕೇಳಿ. ಪೂರ್ತಿ ಅರಳಿದ ಹೂವು ಹೂದಾನಿಯಲ್ಲಿ ಹೆಚ್ಚು ದಿನ ಬಾಳುವುದಿಲ್ಲವೆಂದು ಸಂತೆಯವರು ಸಂಜೆಯ ಹೊತ್ತಿಗೆ ಅದನ್ನು ಅಗ್ಗಕ್ಕೆ ಕೊಡುವುದುಂಟು. ಮರುದಿನವೇ ಮದುವೆಯಿದ್ದವರಿಗೆ ಅದಕ್ಕಿಂತ ಒಳ್ಳೆಯ ಹೂವಿಲ್ಲ.

ಹೂವಿನ ಆಯ್ಕೆಯಲ್ಲಿ ನಮ್ಮ ಅದೃಷ್ಟ ದೊಡ್ಡದು, ಏಕೆಂದರೆ ಸೇವಂತಿಗೆಯನ್ನು ಅಲ್ಲಿನ ಗಾಜಿನಮನೆಗಳಲ್ಲಿ ವರ್ಷವಿಡೀ ಬೆಳೆಯುತ್ತಾರೆ. ಚೆಂಡುಹೂವು ಕುಂಡದ ಗಿಡವಾಗಿ ಸಿಗುತ್ತದೆಯೇ ಹೊರತು ರಾಶಿ ಹೂವಾಗಿ ಸಿಗುವುದು ಅಪರೂಪ. ಅದರ ಜಾಗವನ್ನು ಸ್ಯಾಂಟಿನಿ ಎಂಬ ಸಣ್ಣ ಹಳದಿ ಸೇವಂತಿಗೆ ಚೆನ್ನಾಗಿ ತುಂಬುತ್ತದೆ. ಒಂದೇ ಕಾಂಡದಲ್ಲಿ ಹತ್ತಕ್ಕಿಂತ ಹೆಚ್ಚು ಹೂಗಳಿರುವುದರಿಂದ ಲೆಕ್ಕಕ್ಕೂ ಲಾಭ. ಟ್ಯುಲಿಪ್ ಜನವರಿಯಿಂದ ಏಪ್ರಿಲ್‌ವರೆಗೆ ಅಗ್ಗ. ಡೇಲಿಯಾ ಬೇಸಿಗೆಯ ಕೊನೆಯ ಹೂವು, ಅದನ್ನು ನಾವೇ ಹೋಗಿ ಕಿತ್ತುಕೊಳ್ಳುವ ತೋಟಗಳೂ ಇವೆ. ಮುಹೂರ್ತ ನೋಡುವಾಗ ಸಾಧ್ಯವಿದ್ದರೆ ಫೆಬ್ರುವರಿ 14, ಮಾರ್ಚ್ 8 ಮತ್ತು ಮೇ ತಿಂಗಳ ಎರಡನೆಯ ಭಾನುವಾರದ ಹಿಂದಿನ ದಿನಗಳನ್ನು ತಪ್ಪಿಸಿ, ಆಗ ಬೇಡಿಕೆಯಿಂದ ಬೆಲೆ ಏರಿರುತ್ತದೆ.

ಮಾಲೆ ಕಟ್ಟುವ ಕ್ರಮ ಹೀಗೆ. ಗುಲಾಬಿ ಮೊಗ್ಗಿನಲ್ಲಿಯೇ ಬರುವುದರಿಂದ ಮೂರು ದಿನ ಮೊದಲು ತಂದು, ಕಾಂಡದ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ತೊಳೆದ ಬಕೆಟ್ಟಿನಲ್ಲಿ ನಿಲ್ಲಿಸಿ ಬೆಚ್ಚಗಿನ ಕೋಣೆಯಲ್ಲಿ ಅರಳಲು ಬಿಡಬೇಕು. ಸೇವಂತಿಗೆ ಅರಳಿಯೇ ಬರುತ್ತದೆ, ಅದಕ್ಕೆ ತಂಪು ಸಾಕು. ಮದುವೆಯ ಹಿಂದಿನ ಸಂಜೆ ತೊಟ್ಟನ್ನು ಹೂವಿನ ಬುಡಕ್ಕೇ ಕತ್ತರಿಸಿ, ದಪ್ಪ ಸೂಜಿಗೆ ಜೋಡಿ ದಾರ ಹಾಕಿ, ಹೂವಿನ ನಡುಮಧ್ಯದಿಂದ ಪೋಣಿಸಿ. ಹೂಗಳನ್ನು ಒತ್ತಾಗಿ ತಳ್ಳಿದರೆ ದಾರ ಕಾಣುವುದಿಲ್ಲ. ಒಂದು ಮೀಟರಿಗೆ ಸುಮಾರು 50 ಸ್ಯಾಂಟಿನಿ ತಲೆಗಳು, ಅಂದರೆ ನಾಲ್ಕೈದು ಕಾಂಡಗಳು ಬೇಕಾಗುತ್ತವೆ. ಮುಗಿದ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿ ತಂಪಾದ ಜಾಗದಲ್ಲಿಡಿ. ಅತ್ತೆ, ಚಿಕ್ಕಮ್ಮ, ಅಕ್ಕಂದಿರೆಲ್ಲ ಕುಳಿತರೆ ಮಂಟಪದ ಮಾಲೆಗಳು ಒಂದೇ ಸಂಜೆಯಲ್ಲಿ ಮುಗಿಯುತ್ತವೆ.

ಊರಿನಿಂದ ಹೊರಡುವ ಹಿರಿಯರಿಗೆ ಒಂದು ಎಚ್ಚರಿಕೆ ಅಗತ್ಯ. ಐರೋಪ್ಯ ಒಕ್ಕೂಟದೊಳಗೆ 2019ರ ಡಿಸೆಂಬರ್ 14ರಿಂದ ಹಸಿ ಹೂವು, ಎಲೆ, ಹಣ್ಣು ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ವಿನಾಯಿತಿ ಇರುವುದು ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆಹಣ್ಣು ಮತ್ತು ಖರ್ಜೂರಕ್ಕೆ ಮಾತ್ರ. ಮಾವಿನೆಲೆ, ವೀಳ್ಯದೆಲೆ, ಮಲ್ಲಿಗೆ, ಕನಕಾಂಬರಗಳನ್ನು ಎಷ್ಟೇ ಪ್ರೀತಿಯಿಂದ ಕಟ್ಟಿ ತಂದರೂ ವಿಮಾನ ನಿಲ್ದಾಣದಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಪೂಜಾಸಾಮಗ್ರಿಗೆ ಹೇಗ್ ನಗರದ ಪೌಲ್ ಕ್ರೂಗರ್‌ಲಾನ್ ರಸ್ತೆಯ, ಸುರಿನಾಮ್ ಮೂಲದ ಹಿಂದೂಸ್ತಾನಿಗಳ ಅಂಗಡಿಗಳನ್ನು ವಿಚಾರಿಸಿ. ತೋರಣಕ್ಕೆ ಬಟ್ಟೆಯ ಮಾವಿನೆಲೆಯೂ, ಜರಿ ಕಾಗದದ ಬಾಸಿಂಗವೂ ಸಾಕು.

ಸೂಟ್‌ಕೇಸ್‌ನಲ್ಲಿ ಉಳಿದ ಜಾಗವನ್ನು ಮೇಜಿನ ಸಿಂಗಾರಕ್ಕೆ ಮೀಸಲಿಡಿ. ಸಂಡೂರಿನ ಲಂಬಾಣಿ ಕಸೂತಿಯ ಉದ್ದನೆಯ ಪಟ್ಟಿಯನ್ನು ಸಭಾಂಗಣದವರ ಬಿಳಿ ಮೇಜುವಸ್ತ್ರದ ನಡುವೆ ಹಾಸಿದರೆ, ಕನ್ನಡಿ ಚೂರುಗಳು ದೀಪಕ್ಕೆ ಹೊಳೆದು ಅರ್ಧ ಅಲಂಕಾರ ಅಲ್ಲಿಗೇ ಮುಗಿಯುತ್ತದೆ. ಅದರ ಮೇಲೆ ಕಿನ್ನಾಳದ ಬಣ್ಣದ ಗೊಂಬೆಯೊಂದನ್ನಿಟ್ಟು, ಪಕ್ಕದಲ್ಲಿ ಅಗಲ ಬಾಯಿಯ ಬಟ್ಟಲಿನಲ್ಲಿ ನೀರು ತುಂಬಿ ಐದಾರು ಡೇಲಿಯಾ ಅಥವಾ ಜರ್ಬೆರಾ ತಲೆಗಳನ್ನು ತೇಲಿಬಿಡಿ. ಎದುರು ಕುಳಿತವರ ಮುಖ ಮರೆಯಾಗದಂತೆ ಎತ್ತರವನ್ನು 30 ಸೆಂಟಿಮೀಟರ್ ಒಳಗೆ ಇಟ್ಟುಕೊಳ್ಳಿ. ಬಟ್ಟಲು, ಗಾಜಿನ ಭರಣಿಗಳನ್ನು ಹೊಸದಾಗಿ ಕೊಳ್ಳುವುದು ವ್ಯರ್ಥ. ಕ್ರಿಂಗ್‌ಲೋಪ್ ಎಂಬ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅವು ಅಲ್ಪ ಬೆಲೆಗೆ ಸಿಗುತ್ತವೆ, ಕೆಲಸ ಮುಗಿದ ಮೇಲೆ ಅಲ್ಲಿಗೇ ಮರಳಿ ಕೊಡಬಹುದು.

ಆ ದೇಶದ ಕಾನೂನಿನಂತೆ ಪೌರಸಭೆಯಲ್ಲಿ ನೋಂದಣಿ ವಿವಾಹ ಮುಗಿದ ನಂತರವೇ ಧಾರ್ಮಿಕ ವಿಧಿ ನಡೆಯಬೇಕು. ಎರಡೂ ಒಂದೇ ದಿನವಿದ್ದರೆ ಬೆಳಗಿನ ಹೂವುಗಳನ್ನೇ ಮಧ್ಯಾಹ್ನದ ಮೇಜಿಗೆ ತರಲು ಒಬ್ಬರಿಗೆ ಹೊಣೆ ವಹಿಸಿ. ದೀಪ ಹಚ್ಚುವುದಕ್ಕೂ ಹೋಮಕ್ಕೂ ಸಭಾಂಗಣದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಮತ್ತು ಮರುದಿನ ಬಾಡಿದ ಹೂವನ್ನು ಹಸಿಕಸದ ಡಬ್ಬಿಗೆ ಹಾಕುವ ಮೊದಲು ಅದರಿಂದ ದಾರ, ತಂತಿಗಳನ್ನು ಬಿಡಿಸಿ ತೆಗೆಯಿರಿ.