ಜಗುಲಿಯ ಗೋಡೆ ಮತ್ತು ಐದು ಗಿಳಿಗಳು

ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರ ತೊಟ್ಟಿ ಮನೆಯ ದುರಸ್ತಿ ನನ್ನ ಪಾಲಿಗೆ ಬಂದಾಗ ನಾನು ಮೊದಲು ಮಾಡಿದ್ದು ಜಗುಲಿಯ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವ ಕೆಲಸ. ಎರಡು ಅಡಿ ದಪ್ಪದ ಮಣ್ಣಿನ ಗೋಡೆಗೆ ಹಿಂದೆ ಯಾವಾಗಲೋ ಸಿಮೆಂಟ್ ಗಿಲಾವು ಮಾಡಿಸಿದ್ದರು. ನೋಡಲು ಗಟ್ಟಿ, ತಟ್ಟಿದರೆ ಪೊಳ್ಳು ಸದ್ದು. ಒಂದು ಚಕ್ಕೆ ಎಬ್ಬಿಸಿದಾಗ ಹಿಂದಿನ ಮಣ್ಣು ಕಲಸಿದ ಹಿಟ್ಟಿನಂತೆ ಕೈಗೆ ಬಂತು. ತಳಪಾಯದಿಂದ ಏರಿದ ತೇವ ಹಿಂದೆ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿದ ಮೇಲೆ ನೀರೂ ಉಪ್ಪೂ ಒಳಗೇ ನಿಂತು ಗೋಡೆಯನ್ನು ತಿನ್ನತೊಡಗಿದ್ದವು. ಮನೆಯವರನ್ನು ದೂರಿ ಫಲವಿಲ್ಲ. ಸ್ಮಾರಕಗಳ ದುರಸ್ತಿಗೆ ಕಾಂಕ್ರೀಟನ್ನು ವಿವೇಚನೆಯಿಂದ ಬಳಸಬಹುದೆಂದು ಹಳೆಯ ಕಟ್ಟಡಗಳ ರಕ್ಷಣೆಗಾಗಿ ಹಲವು ದೇಶಗಳ ತಜ್ಞರು ಒಪ್ಪಿದ 1931ರ ಅಥೆನ್ಸ್ ಸನ್ನದೇ ಒಪ್ಪಿಗೆ ಕೊಟ್ಟಿತ್ತು.

ಇದೆಲ್ಲ ಗೊತ್ತಿದ್ದೂ ನಾನು ಎಡವಿದೆ. ಮಳೆ ಹತ್ತಿರವಾಗಿದ್ದರಿಂದ ಬೇಗ ಬಿಗಿಯಲೆಂದು ಸುಣ್ಣಕ್ಕೆ ಸ್ವಲ್ಪ ಸಿಮೆಂಟ್ ಬೆರೆಸಿದೆ. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದು ಬಂತು. ಎರಡನೆಯ ಸಲ ಸುಣ್ಣವನ್ನು ಗುಂಡಿಯಲ್ಲಿ ಒಂದು ತಿಂಗಳು ನೆನೆಸಿ, ಜರಡಿ ಹಿಡಿದ ಮರಳಿನೊಂದಿಗೆ ಅರೆಸಿ, ಬೆಲ್ಲವನ್ನೂ ಅಳಲೆಕಾಯಿಯನ್ನೂ ಕೊಳೆಸಿದ ನೀರಿನಲ್ಲಿ ಹದ ಮಾಡಿಸಿದೆ. ಕರಣೆಯಿಂದ ಬೆಣ್ಣೆಯ ಹಾಗೆ ಜಾರಬೇಕು, ಅಂಟಿಕೊಂಡರೆ ಇನ್ನೂ ಅರೆಯಬೇಕು ಎಂಬುದು ಹಿರಿಯ ಗಾರೆಯವರ ಲೆಕ್ಕ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಅದಕ್ಕೆ ತೇವವೂ ಬೇಕು. ಆದ್ದರಿಂದ ಮೂರು ಕೋಟುಗಳಿಗೂ ಒದ್ದೆ ಗೋಣಿಚೀಲ ಹೊದಿಸಿ ಕಾದೆವು.

ನಿಜವಾದ ಚರ್ಚೆ ನಡೆದದ್ದು ಬಾಗಿಲ ಮೇಲಿನ ಗಾರೆಯ ಗಿಳಿಗಳ ಬಗ್ಗೆ. ಐದರಲ್ಲಿ ಮೂರು ಉಳಿದಿದ್ದವು. ಮನೆಯವರಿಗೆ ಐದೂ ಬೇಕಿತ್ತು. ಕಟ್ಟಡವನ್ನು ಅದು ಎಂದೂ ಇದ್ದಿರದಷ್ಟು ಪೂರ್ಣ ಸ್ಥಿತಿಗೆ ತರುವುದೂ ಪುನರುದ್ಧಾರವೇ ಎಂದ ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಇದ್ದಿದ್ದರೆ ಕೂಡಲೇ ಒಪ್ಪುತ್ತಿದ್ದರು. ಪುನರುದ್ಧಾರವೆಂಬುದೇ ಸುಳ್ಳು ಎಂದು 1849ರಲ್ಲಿ ಬರೆದ ಇಂಗ್ಲೆಂಡಿನ ಕಲಾವಿಮರ್ಶಕ ರಸ್ಕಿನ್ ಒಪ್ಪುತ್ತಿರಲಿಲ್ಲ. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ವಂತೂ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸಲು ಬಿಟ್ಟ ದತ್ತಿ, ಹೊಸದು ಹಳೆಯದರಿಂದ ಬೇರೆಯಾಗಿ ಕಾಣಬೇಕೆಂಬ ಚಿಂತೆ ಅದಕ್ಕಿಲ್ಲ. ಆ ಚಿಂತೆ 1964ರ ವೆನಿಸ್ ಸನ್ನದಿನದು. ಊಹೆ ಆರಂಭವಾಗುವಲ್ಲಿ ಕೆಲಸ ನಿಲ್ಲಬೇಕು ಎಂಬ ಅದರ ಒಂಬತ್ತನೆಯ ವಿಧಿಯನ್ನು ನಾನು ನಂಬುತ್ತೇನೆ, ಆದರೆ ಜನ ವಾಸವಿರುವ ಮನೆಯಲ್ಲಿ ಅದನ್ನು ಸ್ವಲ್ಪ ಸಡಿಲಿಸಬೇಕೆಂದೂ ಅನಿಸುತ್ತದೆ.

ಮನೆಯಲ್ಲಿದ್ದ ಹಳೆಯ ಮದುವೆಯ ಫೋಟೊದಲ್ಲಿ ಎರಡೂ ಗಿಳಿಗಳ ಮೈ ಕಾಣುತ್ತಿತ್ತು, ತಲೆಯನ್ನು ಮಾತ್ರ ಮಾವಿನ ತೋರಣ ಮರೆಮಾಡಿತ್ತು. ಹಾಗಾಗಿ ಹೊಸದೆಂದು ಗುರುತು ಸಿಗುವಂತೆ ಮೈಯನ್ನು ಮೂಲಕ್ಕಿಂತ ಒಂದು ನೂಲು (ಅಂಗುಲದ ಎಂಟನೆಯ ಒಂದು ಭಾಗ) ಒಳಗೆ ತೆಗೆದುಕೊಂಡು ಮಾಡಿಸಿ, ತಲೆಯನ್ನು ಕಣ್ಣು, ಕೊಕ್ಕಿನ ವಿವರವಿಲ್ಲದ ಬರೀ ಗುಂಡಾಗಿ ಬಿಡಿಸಿದೆ. ಮನೆಯ ಅಜ್ಜಿ ಕತ್ತೆತ್ತಿ ನೋಡಿ, “ಕಣ್ಣು ತೆರೆಸೋದು ಯಾವತ್ತಪ್ಪ?” ಎಂದರು. ಮುಂದಿನ ಸಲ ಹೋದಾಗ ಎರಡಕ್ಕೂ ಯಾರೋ ಕಾಡಿಗೆಯಲ್ಲಿ ಕಣ್ಣು ಬರೆದಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು, ಆದ್ದರಿಂದ ಹಾಗೆಯೇ ಬಿಟ್ಟೆ.