ಸ್ಟೇಡಿಯಂ ಖಾಲಿನೋ ತುಂಬಿತ್ತೋ, ಕ್ಲಬ್ ಲಾಭದಲ್ಲೋ ಸಾಲದಲ್ಲೋ: ಫುಟ್‌ಬಾಲ್ ಜಗಳಕ್ಕೆ ಇಳಿಯೋ ಮುಂಚೆ ಲೆಕ್ಕ ನೋಡೋದು ಹೇಗೆ

ಕಲಬುರಗಿಯಲ್ಲಿ ಫುಟ್‌ಬಾಲ್ ಆಡುವವರಿಗಿಂತ ಅದರ ಬಗ್ಗೆ ಜಗಳ ಆಡುವವರೇ ಜಾಸ್ತಿ. ಚಳಿಗಾಲದ ಶನಿವಾರ ರಾತ್ರಿ ಎಂಟೂವರೆಗೆ ಇಂಗ್ಲೆಂಡಿನ ಮ್ಯಾಚ್ ಶುರುವಾಗುತ್ತದೆ, ಹತ್ತೂವರೆಗೆ ಮುಗಿಯುತ್ತದೆ, ಆಮೇಲೆ ಚಹಾದಂಗಡಿ ಮುಂದೆ ಬೈಕ್ ನಿಲ್ಲಿಸಿಕೊಂಡು ಇನ್ನೊಂದು ಮ್ಯಾಚ್. ಗೋಲಿನ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ಉಳಿದದ್ದೆಲ್ಲ ಹೀಗೆ: "ನಿಮ್ಮ ಸ್ಟೇಡಿಯಂ ಅರ್ಧ ಖಾಲಿ ಇತ್ತಲೇ!" "ನಿಮ್ಮ ಕ್ಲಬ್ ಸಾಲದಾಗ ಮುಳುಗ್ಯಾದ, ಮೊದ್ಲ ಅದನ್ನ ನೋಡ್ಕೋ!"

ಜಗಳ ಆಡಬೇಡಿ ಅಂತ ನಾನು ಹೇಳಲ್ಲ. ಆಡಿ. ಆದರೆ ಇಬ್ಬರೂ ಬೇರೆ ಬೇರೆ ಅಂಕಿ ಹಿಡಿದುಕೊಂಡು ಒಂದೇ ವಿಷಯ ಅನ್ನೋ ಹಾಗೆ ಕೂಗಾಡಿದರೆ ಬೆಳಗಾದರೂ ಮುಗಿಯಲ್ಲ. ಅದಕ್ಕೆ ಮೊದಲ ಪ್ರಶ್ನೆ ಯಾವಾಗಲೂ ಇದೇ ಇರಲಿ: ನೀನು ಹೇಳ್ತಿರೋದು ಯಾವ ಲೆಕ್ಕ?

ಜನರ ಲೆಕ್ಕದಿಂದ ಶುರು ಮಾಡೋಣ. ಇಲ್ಲಿ ಮೂರು ಅಂಕಿ ಇರುತ್ತವೆ. ಸ್ಟೇಡಿಯಂನಲ್ಲಿ ಎಷ್ಟು ಸೀಟು, ಎಷ್ಟು ಟಿಕೆಟ್ ಮಾರಾಟವಾಯಿತು, ಎಷ್ಟು ಜನ ಗೇಟು ದಾಟಿ ಒಳಗೆ ಬಂದರು. ಇಂಗ್ಲೆಂಡಿನ ಅತಿ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳು ಮ್ಯಾಚ್ ದಿನ ಹೇಳುವುದು ಸಾಮಾನ್ಯವಾಗಿ ಎರಡನೆಯದು. ಇಡೀ ಸೀಸನ್ನಿಗೆ ಟಿಕೆಟ್ ಕೊಂಡವನು ಜ್ವರ ಬಂದು ಮನೆಯಲ್ಲಿ ಮಲಗಿದ್ದರೂ ಅವನು ಆ ದಿನದ ಲೆಕ್ಕದಲ್ಲಿ ಇರುತ್ತಾನೆ. ಹಾಗಾಗಿ "60 ಸಾವಿರ ಅಂದ್ರು, ಆದ್ರೆ ಖಾಲಿ ಕುರ್ಚಿ ಕಾಣ್ತಿತ್ತು" ಅಂದಾಗ ಇಬ್ಬರ ಮಾತೂ ನಿಜ ಇರಬಹುದು. ಒಬ್ಬ ಟಿಕೆಟ್ ಎಣಿಸುತ್ತಿದ್ದಾನೆ, ಇನ್ನೊಬ್ಬ ತಲೆ ಎಣಿಸುತ್ತಿದ್ದಾನೆ, ಅಷ್ಟೇ.

ಟಿವಿಯಲ್ಲಿ ಕಂಡ ಖಾಲಿ ಕುರ್ಚಿಯ ಸ್ಕ್ರೀನ್‌ಶಾಟ್ ತೋರಿಸುವವರ ಹತ್ತಿರ ಒಂದು ಮಾತು ಕೇಳಿ: ಅದು ಎಷ್ಟನೇ ನಿಮಿಷದ್ದು? 46 ಅಥವಾ 47ನೇ ನಿಮಿಷ (ಹಾಫ್ ಟೈಮ್ ಮುಗಿದ ತಕ್ಷಣ) ಅಂದರೆ ಅದನ್ನು ಪಕ್ಕಕ್ಕಿಡಿ. ಇಂಗ್ಲೆಂಡಿನಲ್ಲಿ ಮೈದಾನ ಕಾಣುವ ಜಾಗದಲ್ಲಿ ಕೂತು ಬಿಯರ್ ಕುಡಿಯುವ ಹಾಗಿಲ್ಲ, 1985ರಿಂದ ಕಾನೂನೇ ಇದೆ. ಹಾಫ್ ಟೈಮಿಗೆ ಜನ ಕುಡಿಯೋಕೆ ಸ್ಟ್ಯಾಂಡಿನ ಕೆಳಗೆ ಇಳಿಯುತ್ತಾರೆ, ಗ್ಲಾಸು ಖಾಲಿ ಆಗೋವರೆಗೆ ಮೇಲೆ ಬರಲ್ಲ. ಇನ್ನು ಎರಡು ಕ್ಲಬ್ಬಿನ ಜನ ಹೊಡೆದಾಡಬಾರದು ಅಂತ ಮಧ್ಯದಲ್ಲಿ ಕೆಲವು ಸಾಲು ಬೇಕಂತಲೇ ಖಾಲಿ ಬಿಡುತ್ತಾರೆ. ಅದನ್ನೂ "ಟಿಕೆಟ್ ಹೋಗಿಲ್ಲ" ಅಂತ ತೋರಿಸುವವರು ಇದ್ದಾರೆ.

ಆಮೇಲೆ ಸೀಟಿನ ಸಂಖ್ಯೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ 74 ಸಾವಿರ ಚಿಲ್ಲರೆ, ಆರ್ಸೆನಲ್‌ನ ಎಮಿರೇಟ್ಸ್ 60 ಸಾವಿರ ಚಿಲ್ಲರೆ, ಚೆಲ್ಸಿಯ ಸ್ಟ್ಯಾಮ್‌ಫರ್ಡ್ ಬ್ರಿಜ್ 40 ಸಾವಿರದ ಆಸುಪಾಸು. ಚೆಲ್ಸಿಗೆ ಯುನೈಟೆಡ್‌ಗಿಂತ ಜನ ಕಡಿಮೆ ಬಂದರು ಅಂತ ಹೀಯಾಳಿಸುವುದರಲ್ಲಿ ಅರ್ಥವೇ ಇಲ್ಲ, ಜಾಗವೇ ಇಲ್ಲದ ಮೇಲೆ ಎಲ್ಲಿ ಕೂರಬೇಕು? ಹೋಲಿಸುವುದಾದರೆ ನೂರರಲ್ಲಿ ಎಷ್ಟು ಸೀಟು ತುಂಬಿತ್ತು ಅಂತ ಹೋಲಿಸಿ.

ಹಳೇ ದಾಖಲೆ ತೆಗೆಯುವವರ ಎದುರು ಇನ್ನೂ ಹುಷಾರಾಗಿರಿ. ಇಂಗ್ಲಿಷ್ ಲೀಗ್ ಪಂದ್ಯದ ದೊಡ್ಡ ದಾಖಲೆ ಅಂತ ಹೇಳುವ 83,260 ಜನ ಬಂದದ್ದು 1948ರ ಜನವರಿಯಲ್ಲಿ, ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಆರ್ಸೆನಲ್ ಮ್ಯಾಚಿಗೆ. ಯುನೈಟೆಡ್ ಅಭಿಮಾನಿ ಎದೆ ಉಬ್ಬಿಸಿ ಹೇಳುತ್ತಾನೆ. ಆದರೆ ಮ್ಯಾಚ್ ನಡೆದದ್ದು ಮೇನ್ ರೋಡಿನಲ್ಲಿ, ಅಂದರೆ ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯವರ ಮೈದಾನದಲ್ಲಿ! ಯುದ್ಧದ ಸಮಯದಲ್ಲಿ ಓಲ್ಡ್ ಟ್ರಾಫರ್ಡ್ ಮೇಲೆ ಬಾಂಬ್ ಬಿದ್ದಿತ್ತು, ಅದಕ್ಕೆ ಅವರು ಅಲ್ಲಿ ಆಡುತ್ತಿದ್ದರು. ಪ್ರೀಮಿಯರ್ ಲೀಗ್ ದಾಖಲೆ 83,222 ಟಾಟನ್‌ಹ್ಯಾಮ್ ಹೆಸರಲ್ಲಿದೆ, 2018ರ ಫೆಬ್ರವರಿ, ಅದೂ ಆರ್ಸೆನಲ್ ಎದುರೇ. ಅವತ್ತು ಅವರೂ ಸ್ವಂತ ಮನೆಯಲ್ಲಿರಲಿಲ್ಲ, ಹೊಸ ಸ್ಟೇಡಿಯಂ ಕಟ್ಟುತ್ತಿದ್ದರಿಂದ ವೆಂಬ್ಲಿಯಲ್ಲಿ ಆಡುತ್ತಿದ್ದರು. ಎರಡೂ ಸಲ ಎದುರಿಗಿದ್ದದ್ದು ಆರ್ಸೆನಲ್, ಬೇಕಾದರೆ ಅವರೂ ಪಾಲು ಕೇಳಬಹುದು.

ಹಳೇ ಅಂಕಿ ದೊಡ್ಡದಾಗಿರೋಕೆ ಇನ್ನೊಂದು ಕಾರಣ ಇದೆ. ಆಗ ಜನ ನಿಂತುಕೊಂಡು ನೋಡುತ್ತಿದ್ದರು. 1989ರ ಹಿಲ್ಸ್‌ಬರೋ ದುರಂತದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಜನ ಸತ್ತರು. ಅದಾದ ಮೇಲೆ ದೊಡ್ಡ ಕ್ಲಬ್‌ಗಳೆಲ್ಲ ಪೂರ್ತಿ ಕುರ್ಚಿ ಹಾಕಬೇಕಾಯಿತು. ನಮ್ಮ ದೇಶದಲ್ಲೂ ಹಾಗೇ. 1997ರಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1,31,781 ಜನ. ಈಗ ಅದೇ ಸ್ಟೇಡಿಯಂನಲ್ಲಿ 85 ಸಾವಿರದ ಹತ್ತಿರ ಮಾತ್ರ ಹಿಡಿಸುತ್ತದೆ. ಅಭಿಮಾನ ಕಡಿಮೆಯಾಯಿತು ಅಂತ ಅಲ್ಲ.

ನಮ್ಮೂರಿನ ಟೂರ್ನಮೆಂಟಿಗೆ ಎಷ್ಟು ಜನ ಬಂದಿದ್ದರು ಅನ್ನೋ ಜಗಳ ಬೇರೆಯೇ. ಇಲ್ಲಿ ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ. ಶರಣಬಸವೇಶ್ವರ ಜಾತ್ರೆ ನೋಡಿ ಬೆಳೆದ ನಮಗೆ ಸ್ವಲ್ಪ ಜನ ಸೇರಿದರೂ "ಲಕ್ಷ" ಅನ್ನೋದೇ ರೂಢಿ. ಇದಕ್ಕೆ ಅಮೆರಿಕದ ಪತ್ರಿಕೋದ್ಯಮ ಪ್ರೊಫೆಸರ್ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಮಾಡಿಕೊಂಡ ಲೆಕ್ಕ ಚೆನ್ನಾಗಿದೆ. ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತರೆ 4.5 ಚದರ ಅಡಿ, ಉಸಿರು ಕಟ್ಟೋ ಹಾಗೆ ನಿಂತರೆ 2.5. ಅಂದರೆ ಒಂದು 30-40 ಪ್ಲಾಟಿನಲ್ಲಿ ಸಡಿಲವಾಗಿ 120 ಜನ, ಒತ್ತಾಗಿ 266 ಜನ. ಮೈದಾನದ ಸುತ್ತ ಜನ ನಿಂತ ಪಟ್ಟಿಯ ಉದ್ದ, ಅಗಲ ಹೆಜ್ಜೆ ಹಾಕಿ ಅಳೆಯಿರಿ, ಗುಣಿಸಿ, ಭಾಗಿಸಿ, ಮುಗೀತು. ಹೆಜ್ಜೆ ಹಾಕುವಾಗ ಜನ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಯಾರಾದರೂ "50 ಸಾವಿರ ಜನ ಇದ್ರು ಕಾಕಾ" ಅಂದರೆ ಇದನ್ನು ಹೇಳಿ: 105 ಮೀಟರ್ ಉದ್ದ, 68 ಮೀಟರ್ ಅಗಲದ ಇಡೀ ಫುಟ್‌ಬಾಲ್ ಮೈದಾನದ ಮೇಲೇ ಜನರನ್ನು ಒತ್ತಾಗಿ ನಿಲ್ಲಿಸಿದರೂ ಹಿಡಿಯೋದು ಸುಮಾರು 17 ಸಾವಿರ.

ಈಗ ದುಡ್ಡು. ಮೊದಲು ತಲೆಯಿಂದ ತೆಗೆಯಬೇಕಾದ್ದು, ಜನ ಜಾಸ್ತಿ ಬಂದರೆ ಕ್ಲಬ್ ಶ್ರೀಮಂತ ಅನ್ನೋದು. ಬೋರ್ನ್‌ಮತ್ ಕ್ಲಬ್ 11 ಸಾವಿರ ಚಿಲ್ಲರೆ ಸೀಟಿನ ಮೈದಾನ ಇಟ್ಟುಕೊಂಡೇ ಪ್ರೀಮಿಯರ್ ಲೀಗ್‌ನಲ್ಲಿ ಆಡಿದೆ. ಟಿವಿ ದುಡ್ಡು ಇದೆಯಲ್ಲ! ಕೊನೇ ಸ್ಥಾನಕ್ಕೆ ಬಿದ್ದ ತಂಡಕ್ಕೂ ಲೀಗ್‌ನಿಂದ ವರ್ಷಕ್ಕೆ 10 ಕೋಟಿ ಪೌಂಡ್‌ಗಿಂತ ಜಾಸ್ತಿ ಬರುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ 2024-25ರ ಲೆಕ್ಕ ನೋಡಿ: ಒಟ್ಟು ಆದಾಯ 66.65 ಕೋಟಿ ಪೌಂಡ್. ಅದರಲ್ಲಿ ಅರ್ಧ, 33.33 ಕೋಟಿ, ಸ್ಪಾನ್ಸರ್ ಮತ್ತು ವ್ಯಾಪಾರದ್ದು. ಟಿವಿಯಿಂದ 17.29 ಕೋಟಿ. ಮ್ಯಾಚ್ ದಿನದ ದುಡ್ಡು 16.03 ಕೋಟಿ, ಮೂರರಲ್ಲಿ ಇದೇ ಕಡಿಮೆ. ಇಷ್ಟೆಲ್ಲ ಬಂದರೂ ಆ ವರ್ಷ ಕ್ಲಬ್ಬಿಗೆ 3.3 ಕೋಟಿ ಪೌಂಡ್ ನಷ್ಟ.

ಇಲ್ಲೇ ಎಲ್ಲರೂ ಎಡವುವುದು. ಆದಾಯ ಬೇರೆ, ಲಾಭ ಬೇರೆ, ಸಾಲ ಬೇರೆ. ನಮ್ಮೂರಿನ ದಾಲ್ ಮಿಲ್ ತಗೊಳ್ಳಿ. ಮಾಲೀಕರು ವರ್ಷಕ್ಕೆ ಐವತ್ತು ಕೋಟಿ ರೂಪಾಯಿ ತೊಗರಿ ಬೇಳೆ ಮಾರಿದರು ಅಂದ್ರೆ ಐವತ್ತು ಕೋಟಿ ಅವರ ಜೇಬಿಗೆ ಹೋಯಿತು ಅಂತ ಯಾರೂ ಅನ್ನಲ್ಲ. ತೊಗರಿ ಕೊಂಡದ್ದು, ಹಮಾಲಿ, ಕರೆಂಟ್ ಬಿಲ್, ಬ್ಯಾಂಕಿನ ಬಡ್ಡಿ ಎಲ್ಲ ಕಳೆದ ಮೇಲೆ ಉಳಿದದ್ದು ಲಾಭ. ಸಾಲ ಇದ್ದ ಮಾತ್ರಕ್ಕೆ ಮಿಲ್ ಮುಳುಗಿತು ಅಂತಲೂ ಅಲ್ಲ, ಕಂತು ಕಟ್ಟೋಕೆ ದುಡ್ಡು ಬರುತ್ತಿದೆಯಾ ಅನ್ನೋದು ಮುಖ್ಯ. ಇನ್ನು ಹೊಸ ಮಷಿನ್ ಕೊಂಡರೆ ಅದರ ಪೂರ್ತಿ ಬೆಲೆಯನ್ನು ಒಂದೇ ವರ್ಷದ ಖರ್ಚಿಗೆ ಬರೆಯಲ್ಲ, ಸವಕಳಿ ಅಂತ ವರ್ಷ ವರ್ಷ ಹಂಚುತ್ತಾರೆ. ಆಟಗಾರನ ಲೆಕ್ಕವೂ ಹಾಗೇ. ಚೆಲ್ಸಿ 2023ರಲ್ಲಿ ಎಂಜೋ ಫರ್ನಾಂಡಿಸ್‌ನನ್ನು 10.68 ಕೋಟಿ ಪೌಂಡ್‌ಗೆ ಕೊಂಡು ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡಿತು. ಪುಸ್ತಕದಲ್ಲಿ ವರ್ಷಕ್ಕೆ ಬೀಳೋದು ಸುಮಾರು 1.25 ಕೋಟಿ ಮಾತ್ರ. ಎಲ್ಲರೂ ಇದೇ ದಾರಿ ಹಿಡಿದಾರು ಅಂತ ಮೊದಲು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ, ಆಮೇಲೆ ಪ್ರೀಮಿಯರ್ ಲೀಗ್, ಹಂಚೋದು ಐದು ವರ್ಷಕ್ಕೆ ಸಾಕು ಅಂತ ನಿಯಮ ತಂದವು. ಇನ್ನು ಮಾರುವಾಗ ಉಲ್ಟಾ: ಸ್ವಂತ ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ, ಮಾರಿದ ದುಡ್ಡೆಲ್ಲ ಆ ವರ್ಷದ ಲಾಭ. ಹಾಗೆ ತನ್ನಲ್ಲೇ ಬೆಳೆದ ಮೇಸನ್ ಮೌಂಟ್‌ನನ್ನು ಚೆಲ್ಸಿ ಯಾಕೆ ಯುನೈಟೆಡ್‌ಗೆ ಬಿಟ್ಟಿತು ಅಂತ ತಲೆ ಕೆಡಿಸಿಕೊಂಡವರು ಇದನ್ನೂ ಲೆಕ್ಕಕ್ಕೆ ತಗೊಳ್ಳಲಿ.

ನಷ್ಟಕ್ಕೂ ಮಿತಿ ಹಾಕಿದ್ದುಂಟು. ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ ನಷ್ಟ 10.5 ಕೋಟಿ ಪೌಂಡ್ ದಾಟಬಾರದು ಅನ್ನೋ ಆಗಿನ ನಿಯಮದಡಿ ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಪಾಯಿಂಟ್ ಕಡಿತವಾಯಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಬಾರ್ಸಿಲೋನಾ ಕಥೆ ಇನ್ನೂ ದೊಡ್ಡದು. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲಾಪೋರ್ಟಾ ಅವರೇ 135 ಕೋಟಿ ಯೂರೋ ಸಾಲ ಇದೆ ಅಂದರು, ಮೆಸ್ಸಿ ಅದೇ ತಿಂಗಳು ಹೋದದ್ದು. ಸ್ಟೇಡಿಯಂ ಎಷ್ಟು ದೊಡ್ಡದಿದ್ದರೆ ಏನು ಬಂತು?

ಎಲ್ಲಿ ನೋಡಬೇಕು ಅನ್ನೋದು ಸುಲಭ. ಇಂಗ್ಲೆಂಡಿನ ಕ್ಲಬ್‌ಗಳು ಕಂಪನಿಗಳೇ. ಅವುಗಳ ಲೆಕ್ಕಪತ್ರ ಅಲ್ಲಿನ ಸರ್ಕಾರದ ಕಂಪನೀಸ್ ಹೌಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಯುನೈಟೆಡ್ 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಅಂಕಿ ಹೊರಬೀಳುತ್ತದೆ. ಓದುವಾಗ ಮೂರು ಕಡೆ ಜೋಪಾನ. ಮಿಲಿಯನ್ ಅಂದರೆ ಹತ್ತು ಲಕ್ಷ, ನೂರು ಮಿಲಿಯನ್ ಅಂದರೆ ಹತ್ತು ಕೋಟಿ, ರಾತ್ರಿ ಹನ್ನೊಂದಕ್ಕೆ ಇದು ತಪ್ಪೋದು ಸಹಜ. ಯುನೈಟೆಡ್ ಲೆಕ್ಕ ಪೌಂಡಿನಲ್ಲಿ, ಅದರ ಸಾಲದ ದೊಡ್ಡ ಪಾಲು ಡಾಲರಿನಲ್ಲಿ, ಡೆಲಾಯ್ಟ್ ಸಂಸ್ಥೆ ವರ್ಷ ವರ್ಷ ಹೊರಡಿಸುವ ಶ್ರೀಮಂತ ಕ್ಲಬ್‌ಗಳ ಪಟ್ಟಿ ಯೂರೋದಲ್ಲಿ. ಒಂದೇ ಕರೆನ್ಸಿಗೆ ತರದೆ ಹೋಲಿಸಬೇಡಿ. ಇನ್ನು ಯುನೈಟೆಡ್, ಚೆಲ್ಸಿ ವರ್ಷ ಮುಗಿಯೋದು ಜೂನ್ 30ಕ್ಕೆ. ಜುಲೈಯಲ್ಲಿ ಕೊಂಡ ಆಟಗಾರ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತಾನೆ.

ಬೆಂಗಳೂರು ಎಫ್‌ಸಿ ಕಡೆಯವರಾದರೆ ಜಗಳದ ಧಾಟಿಯೇ ಬೇರೆ. ಕಂಠೀರವದಲ್ಲಿ ಹಿಡಿಯೋದು 25 ಸಾವಿರದ ಆಸುಪಾಸು, ಹಾಗಾಗಿ ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಕಡೆಯವರ ಎದುರು ಒಟ್ಟು ಸಂಖ್ಯೆ ತೆಗೆಯಲೇಬೇಡಿ. 2023ರ ಪ್ಲೇಆಫ್‌ನಲ್ಲಿ ಬೆಂಗಳೂರಿನ ಸುನಿಲ್ ಚೆಟ್ರಿ ಹೊಡೆದ ಫ್ರೀ ಕಿಕ್‌ಗೆ ಸಿಟ್ಟಾಗಿ ಮೈದಾನ ಬಿಟ್ಟು ಹೋಗಿದ್ದಕ್ಕೆ ಕೇರಳ ಬ್ಲಾಸ್ಟರ್ಸ್‌ಗೆ ಬಿದ್ದ 4 ಕೋಟಿ ರೂಪಾಯಿ ದಂಡದ ಮಾತು ತೆಗೆಯಿರಿ. ಆದರೆ ಅವರು 2025ರ ಆಗಸ್ಟ್ ಬಗ್ಗೆ ತಿರುಗಿ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ. ಐಎಸ್ಎಲ್ (ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್) ನಡೆಯುತ್ತೋ ಇಲ್ಲವೋ ಗೊತ್ತಿಲ್ಲದೆ ಬೆಂಗಳೂರು ಎಫ್‌ಸಿ ಆಗ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತ್ತು. ಅದಕ್ಕೆ ಕಾರಣ ಗ್ಯಾಲರಿ ಖಾಲಿ ಇದ್ದದ್ದಲ್ಲ. ಲೀಗ್ ನಡೆಸುವ ಹಕ್ಕಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯಲಿತ್ತು, ಮುಂದೇನು ಅನ್ನೋದು ಯಾರಿಗೂ ಗೊತ್ತಿರಲಿಲ್ಲ.